ಕನ್ನಡಕವಿಲ್ಲದೆ ಕಂಡ ಮೀನುಗಳು

ನನ್ನ ಹತ್ತಿರ ನೀಲಿ ರಟ್ಟಿನ ಒಂದು ಪುಸ್ತಕವಿದೆ. ಕಡಲಿನ ತಳದಲ್ಲಿ ನಾನು ಕಂಡ ಜೀವಿಗಳ ಪಟ್ಟಿ ಅದರಲ್ಲಿ ನನ್ನದೇ ಕೈಬರಹದಲ್ಲಿದೆ. ಗಿಳಿಮೀನು, ಸಿಂಹಮೀನು, ಚಿಟ್ಟೆಮೀನು, ಮರಳಿನಲ್ಲಿ ಚಪ್ಪಟೆಯಾಗಿ ಅಂಟಿ ಮಲಗುವ ಎರಡು ಬಗೆಯ ತೊರಕೆ, ಕಲ್ಲಿನ ಸಂದಿಯಿಂದ ಬಾಯಿ ತೆರೆದು ಹೆದರಿಸುವ ಹಾವುಮೀನು, ಹೀಗೆ ಹದಿನೇಳು ಪುಟ. ಪ್ರತಿ ಪುಟದ ಕೆಳಗೂ ಸಾಕ್ಷಿಯ ಸಹಿ ಇದೆ. ಮನೆಗೆ ಬಂದ ನೆಂಟರಿಗೆ ಚಹಾ ಕೊಡುವ ಮೊದಲು ಈ ಪುಸ್ತಕ ಕೊಟ್ಟವನು ನಾನು. ಈಗ ನಿಮ್ಮ ಬಳಿ ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಆ ಪಟ್ಟಿ ಬರೆಯುವಾಗ ಅದರಲ್ಲಿ ಒಂದೇ ಒಂದು ಮೀನನ್ನು ಬಿಟ್ಟರೆ ಬೇರೆ ಯಾವುದನ್ನೂ ನಾನು ನೋಡಿರಲಿಲ್ಲ. ನಾನು ನೀರಿಗಿಳಿದದ್ದು ನಿಜ, ಮೀನುಗಳು ಅಲ್ಲಿ ಇದ್ದದ್ದೂ ನಿಜ. ನನ್ನ ಕನ್ನಡಕ ಮಾತ್ರ ದಡದಲ್ಲಿತ್ತು.

ನಾಲ್ಕನೇ ಕ್ಲಾಸಿನಿಂದ ನಾನು ಕನ್ನಡಕದವನು. ಈಗಿನ ಪವರು ಮೈನಸ್ ನಾಲ್ಕೂವರೆ. ಕನ್ನಡಕ ತೆಗೆದರೆ ಒಂದು ಗೇಣಿನೊಳಗಿನದು ಸ್ಪಷ್ಟ, ಅದರಾಚೆಗಿನ ಜಗತ್ತು ಬಣ್ಣ ಕಲಸಿದ ನೀರು. ಸ್ನಾನದ ಮನೆಯಲ್ಲಿ ಶಾಂಪೂ ಅಂದುಕೊಂಡು ನೆಲ ತೊಳೆಯುವ ದ್ರಾವಣವನ್ನು ತಲೆಗೆ ತಿಕ್ಕಿಕೊಂಡ ಇತಿಹಾಸ ನನಗಿದೆ. ಇಂಥವನು ಸಿಲಿಂಡರಿನ ಗಾಳಿಯ ಲೆಕ್ಕ ಹಾಕಿಕೊಂಡು ನಲವತ್ತು ಅಡಿ ಆಳಕ್ಕೆ ಹೋಗಿ ಮೀನು ನೋಡಿ ಬಂದೆ ಅಂದರೆ ನೀವಾದರೂ ಅನುಮಾನ ಪಡಬೇಕಿತ್ತು. ಯಾರೂ ಪಡಲಿಲ್ಲ. ಮಲ್ಪೆಯವನು ಎಂಬ ಒಂದೇ ಮಾತಿನಲ್ಲಿ ನನಗೆ ಎಲ್ಲವೂ ಸಂದುಹೋಯಿತು.

ಮಲ್ಪೆಯವರ ಮತ್ತು ಕಡಲಿನ ಸಂಬಂಧದ ಬಗ್ಗೆ ದೂರದವರಿಗೆ ಬಹಳ ತಪ್ಪು ಕಲ್ಪನೆಯಿದೆ. ಬಲೆ ಹಾಕುವ ಮನೆಯವರ ಮಾತು ಬೇರೆ. ನಮ್ಮಂಥ ಅಂಗಡಿ ಮನೆಯವರಿಗೆ ಕಡಲೆಂದರೆ ಸಂಜೆ ಕೂತು ನೋಡುವುದು, ಮರುದಿನ ಅದರೊಳಗಿನದನ್ನು ಹುರಿದು ತಿನ್ನುವುದು. ಅಮ್ಮ ನನ್ನನ್ನು ಮೊಣಕಾಲಿಗಿಂತ ಆಳಕ್ಕೆ ಬಿಟ್ಟವಳಲ್ಲ. ಈಜನ್ನು ನಾನು ಕಲಿತದ್ದು ನಲವತ್ತನಾಲ್ಕನೇ ವಯಸ್ಸಿನಲ್ಲಿ, ಅಬುಧಾಬಿಯ ಒಂದು ಕಟ್ಟಡದ ಹನ್ನೆರಡನೇ ಮಾಳಿಗೆಯ ಕೊಳದಲ್ಲಿ. ಕಡಲ ತಡಿಯಲ್ಲಿ ಹುಟ್ಟಿದವನು ಮರುಭೂಮಿಗೆ ಬಂದು, ಲಿಫ್ಟು ಹತ್ತಿ ಮೇಲೆ ಹೋಗಿ, ನೀರಿಗಿಳಿಯುವುದನ್ನು ಕಲಿತೆ.

ಇದಕ್ಕೆಲ್ಲ ಕಾರಣ ಮಗಳು ಶ್ರಾವ್ಯ. ಅವಳಿಗೆ ಹದಿಮೂರು ತುಂಬುವಾಗ ಶಾಲೆಯ ಗೆಳತಿಯೊಬ್ಬಳ ಜೊತೆ ಬೇಸಿಗೆ ತರಗತಿಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ವಿದ್ಯೆ ಕಲಿತು, ಮಕ್ಕಳಿಗೆ ಕೊಡುವ ಕಾರ್ಡೊಂದನ್ನು ತಂದಳು. ಕಾರ್ಡಿನ ಜೊತೆ ಒಂದು ನಿಯಮವೂ ಬಂತು. ಹದಿನೈದು ತುಂಬುವ ತನಕ ಇಂಥವರು ಮುಳುಗುವಾಗ ಜೊತೆಗೆ ಅದೇ ವಿದ್ಯೆ ಕಲಿತ ದೊಡ್ಡವರೊಬ್ಬರು ಇರಲೇಬೇಕು. ಜೊತೆಗಾರ ಎಂದರೆ ಸುಮ್ಮನೆ ಪಕ್ಕದಲ್ಲಿರುವವನಲ್ಲ, ಅವಳನ್ನು ಕಣ್ಣಿಟ್ಟು ಕಾಯುವವನು. ಅಬುಧಾಬಿಯ ಖಾಲಿದಿಯಾದ ನಮ್ಮ ಆರನೇ ಮಾಳಿಗೆಯ ಫ್ಲಾಟಿನಲ್ಲಿ ಈ ವಿಷಯದ ಚರ್ಚೆ ಎರಡು ನಿಮಿಷದಲ್ಲಿ ಮುಗಿಯಿತು. "ನನ್ನ ಮಂಡೆ ಒಣಗ್ಲಿಕ್ಕೇ ಒಂದು ದಿನ ಬೇಕು. ನೀವೇ ಹೋಗಿ, ಮಲ್ಪೆಯವ್ರಲ್ವಾ?" ಎಂದು ಹೆಂಡತಿ ಸುನೀತಾ ಪಾತ್ರೆ ತೊಳೆಯಲು ಎದ್ದಳು.

ಹೀಗೆ ನಾನೂ ಕಲಿಯಲು ಹೋದೆ. ಕಲಿಸುವವನು ರೋಡೆಲ್ ಎಂಬ ಫಿಲಿಪ್ಪೀನ್ಸಿನವನು, ಫುಜೈರಾದ ಕಡಲತೀರದಲ್ಲಿ ಅವನ ಶೆಡ್ಡು. ಮೊದಲ ದಿನವೇ ಅವನು ಕೇಳಿದ, "ಸರ್, ಎನಿ ಪ್ರಾಬ್ಲಮ್ ವಿತ್ ಐಸ್?"

ಇಲ್ಲಿ ನಿಮಗೆ ಗಲ್ಫಿನ ಒಂದು ವಿದ್ಯೆಯ ಬಗ್ಗೆ ಹೇಳಬೇಕು. ಇಲ್ಲಿಗೆ ಬಂದವರು ಭಾಷೆಗಿಂತ ಮೊದಲು ಕಲಿಯುವುದು 'ಮಾಫಿ ಮುಶ್ಕಿಲ್' ಅನ್ನುವುದನ್ನು. ಏನೂ ತೊಂದರೆಯಿಲ್ಲ ಎಂದು ಅರ್ಥ. ಈ ಕೆಲಸ ಬರುತ್ತದಾ ಎಂದು ಸಾಹೇಬರು ಕೇಳಿದರೆ ಮೊದಲು ಹೌದು ಅನ್ನಬೇಕು, ಆಮೇಲೆ ಕಲಿಯಬೇಕು. ನಾನು ಕಂಪ್ಯೂಟರಿನಲ್ಲಿ ಏಸಿ ಕೊಳವೆಗಳ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿದ್ದೇ ಹಾಗೆ. ಸಂದರ್ಶನದ ದಿನ ಆ ನಕ್ಷೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇಪ್ಪತ್ತು ವರ್ಷ ಹೀಗೆ ತಲೆಯಾಡಿಸಿದ ಕುತ್ತಿಗೆ ರೋಡೆಲನ ಪ್ರಶ್ನೆಗೂ ತಾನಾಗಿಯೇ ಆಡಿತು. ಇನ್ನೊಂದು ಕಾರಣವೂ ಇತ್ತು. ಪಕ್ಕದಲ್ಲಿ ಶ್ರಾವ್ಯ ಕೂತಿದ್ದಳು. ನನ್ನನ್ನು ಬೇಡವೆಂದರೆ ಅವಳ ಕಡಲೂ ಹೋಯಿತು. ಉಸಿರು ಬಿಗಿಹಿಡಿದು ಅವಳು ನನ್ನ ಮುಖ ನೋಡುತ್ತಿದ್ದದ್ದು ಕನ್ನಡಕದೊಳಗಿಂದ ಚೆನ್ನಾಗಿಯೇ ಕಾಣುತ್ತಿತ್ತು. "ನೋ ಪ್ರಾಬ್ಲಮ್" ಎಂದೆ. ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, ಅವನು ಕೊಟ್ಟ ಗಾಜಿನ ಮುಖವಾಡ ಹಾಕಿಕೊಂಡೆ.

ನೀರಿನೊಳಗೆ ಮಾತಿಲ್ಲ ಎಂಬುದು ನನಗೆ ವರವಾಯಿತು. ಅಲ್ಲಿ ಎಲ್ಲ ವ್ಯವಹಾರವೂ ಕೈಸನ್ನೆಯಲ್ಲಿ. ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಿದರೆ ಓಕೆ. ಚೆನ್ನಾಗಿದ್ದೀಯಾ ಎಂಬ ಪ್ರಶ್ನೆಗೂ ಅದೇ, ಚೆನ್ನಾಗಿದ್ದೇನೆ ಎಂಬ ಉತ್ತರಕ್ಕೂ ಅದೇ. ಬೆರಳಲ್ಲಿ ಮಾಡುವ ಮಾಫಿ ಮುಶ್ಕಿಲ್. ಶ್ರಾವ್ಯಳ ಕಾಲಿಗೆ ಕಿತ್ತಳೆ ಬಣ್ಣದ ಈಜುರೆಕ್ಕೆಗಳಿದ್ದವು. ಆ ಎರಡು ಕಿತ್ತಳೆ ಮಸುಕುಗಳನ್ನು ನಾನು ಹಿಂಬಾಲಿಸುತ್ತಿದ್ದೆ. ಅವು ನಿಂತರೆ ನಿಲ್ಲುತ್ತಿದ್ದೆ. ಅವಳ ಕೈಯಂಥದ್ದೇನೋ ಎತ್ತಲೋ ಚಾಚಿದರೆ ನಾನು ಕತ್ತು ಆ ಕಡೆ ತಿರುಗಿಸಿ, ಹದ ನೋಡಿ, ಓಕೆ ತೋರಿಸುತ್ತಿದ್ದೆ. ಗಾಳಿಯ ಅಳತೆಯ ಮುಳ್ಳನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದೆ. ದಡಕ್ಕೆ ಬಂದು ಅವಳು ಮೀನುಗಳ ಚಿತ್ರಪುಸ್ತಕ ಬಿಚ್ಚಿ "ಈವತ್ತು ನೋಡಿದ್ದು ಇದು, ಇದು, ಆಂಡ್ ದಿಸ್ ಒನ್" ಎನ್ನುವಾಗ, ಪರೀಕ್ಷೆಯಲ್ಲಿ ಮುಂದಿನ ಬೆಂಚಿನವನ ಹಾಳೆ ಸಿಕ್ಕವನಂತೆ ಎಲ್ಲವನ್ನೂ ಇಳಿಸಿಕೊಳ್ಳುತ್ತಿದ್ದೆ. ಅವಳು ಕೆಳಗೆ ಸಹಿ ಹಾಕುತ್ತಿದ್ದಳು.

ಪಟ್ಟಿಗೆ ಮೆರುಗು ಕೊಟ್ಟವರು ನಮ್ಮ ಹಮೀದಣ್ಣ. ಉಳ್ಳಾಲದ ಬ್ಯಾರಿ, ದುಬೈಯ ಅಲ್ ಕೂಜಿನಲ್ಲಿ ಮೀನಿನ ಶೀತಲಗೃಹ ಇಟ್ಟುಕೊಂಡವರು. ಫುಜೈರಾದಿಂದ ಬರುವಾಗ ಶುಕ್ರವಾರ ಸಂಜೆ ಅಲ್ಲಿ ಕಾರು ನಿಲ್ಲಿಸುವುದು ರೂಢಿ. ಶ್ರಾವ್ಯ ತೆಗೆದ ಫೋಟೋಗಳನ್ನು ಅವರು ತಮ್ಮ ಗೋದಾಮಿನ ಸರಕಿನಂತೆಯೇ ಪರೀಕ್ಷಿಸುತ್ತಿದ್ದರು. "ಇದು ನಮ್ಮ ಮುರುಮೀನಲ್ವಾ ಮಾರಾಯ್ರೆ! ಇಲ್ಲಿಯವ್ರು ಹಮ್ಮೂರ್ ಅಂತಾರೆ. ಎರಡೂವರೆ ಕಿಲೋ ಉಂಟು. ತಲೆ ಬೇರೆ ಮಾಡಿ ಸಾರು ಮಾಡ್ಬೇಕು." ಈ ವಿವರಗಳನ್ನೂ ನಾನು ಶ್ರದ್ಧೆಯಿಂದ ಪುಸ್ತಕಕ್ಕೆ ಸೇರಿಸುತ್ತಿದ್ದೆ. ಬೇರೆಯವರ ಪುಸ್ತಕದಲ್ಲಿ ಮೀನಿನ ಹೆಸರಿನ ಮುಂದೆ ಅದರ ಉದ್ದ, ವರ್ತನೆ ಇರುತ್ತದೆ. ನನ್ನದರಲ್ಲಿ ಕಿಲೋ ಇದೆ, ಎರಡು ಕಡೆ ಗಸಿಯೋ ಹುರಿಯುವುದೋ ಎಂಬ ಸೂಚನೆಯೂ ಇದೆ. ಶ್ರಾವ್ಯಳಿಗೆ ಇದು ಅವಮಾನ. "ಅಪ್ಪಾ, ಫಿಶ್ ಡೋಂಟ್ ಕಮ್ ಇನ್ ಕಿಲೋಸ್!" ಎಂದು ಪ್ರತಿ ಸಲ ಕೂಗುತ್ತಿದ್ದಳು. ನನ್ನ ಅನುಭವದಲ್ಲಿ ಮೀನು ಬರುವುದೇ ಕಿಲೋದಲ್ಲಿ.

ಆ ಹಮ್ಮೂರ್ ನಾನು ಕಣ್ಣಾರೆ ಕಂಡ ಒಂದೇ ಮೀನು. ಅದು ತಾನಾಗಿ ನನ್ನ ಮುಖವಾಡದ ಎದುರು ಒಂದು ಗೇಣು ದೂರಕ್ಕೆ ಬಂದು ನಿಂತಿತು. ದಪ್ಪ ಕೆಳತುಟಿ, ಅಸಮಾಧಾನದ ಕಣ್ಣು. ನಮ್ಮ ಹಳೆಯ ಮ್ಯಾನೇಜರು ರಜೆಯ ಅರ್ಜಿ ನೋಡುವ ಭಂಗಿ. ಎಷ್ಟೋ ತಿಂಗಳ ಮೇಲೆ ಒಂದು ಮೀನು ಕಂಡ ಸಂತೋಷದಲ್ಲಿ ನನ್ನ ಬಲಗೈ ತನ್ನ ಹುಟ್ಟುಗುಣ ತೋರಿಸಿತು. ಮಾರ್ಕೆಟ್ಟಿನಲ್ಲಿ ನಾವು ಮೀನನ್ನು ಸುಮ್ಮನೆ ಕೊಳ್ಳುವವರಲ್ಲ. ಹೆಬ್ಬೆರಳಿನಿಂದ ಹೊಟ್ಟೆ ಒತ್ತಿ, ಗುಳಿ ಬಿದ್ದರೆ ಹಳತು, ಪುಟಿದರೆ ತಾಜಾ ಎಂದು ತೀರ್ಮಾನಿಸುತ್ತೇವೆ. ಜೀವಂತ ಈಜುತ್ತಿರುವ ಮೀನಿನ ತಾಜಾತನ ಪರೀಕ್ಷಿಸಲು ಹೆಬ್ಬೆರಳು ಚಾಚಿದವನು ಆ ಕಡಲಿನಲ್ಲಿ ನಾನೊಬ್ಬನೇ ಇರಬೇಕು. ಕಡಲಿನೊಳಗೆ ಯಾವುದನ್ನೂ ಮುಟ್ಟಬಾರದು ಎಂಬುದು ಮೊದಲ ಪಾಠ. ಕಿತ್ತಳೆ ಮಸುಕು ಸರಕ್ಕನೆ ತಿರುಗಿ ಬಂದು ನನ್ನ ಕೈಗೆ ಒಂದು ಪೆಟ್ಟು ಕೊಟ್ಟಿತು. ಅಂದಿನಿಂದ ನಾನು ಎರಡೂ ಕೈ ಎದೆಗೆ ಕಟ್ಟಿಕೊಂಡು, ಹೆಡ್‌ಮಾಸ್ತರರ ಕೋಣೆಯಲ್ಲಿ ನಿಂತ ಹುಡುಗನಂತೆ ಈಜುತ್ತೇನೆ.

ಸಮಾಧಾನಕ್ಕೆ ನಾನೊಂದು ವಾದ ಕಟ್ಟಿಕೊಂಡಿದ್ದೆ. ಈ ನಾಡು ಎಣ್ಣೆ ಕಾಣುವ ಮೊದಲು ಮುತ್ತಿನ ಮೇಲೆ ಬದುಕಿತ್ತು. ಮುತ್ತು ತೆಗೆಯುವವರು ಮೂಗಿಗೆ ಚಿಮಟ ಹಾಕಿಕೊಂಡು, ಕಾಲಿಗೆ ಕಲ್ಲು ಕಟ್ಟಿಕೊಂಡು, ಹಗ್ಗ ಹಿಡಿದು ಇಳಿಯುತ್ತಿದ್ದರು. ಅವರಿಗೆ ಗಾಜಿನ ಮುಖವಾಡ ಇರಲಿಲ್ಲ. ನೀರು ನೇರ ಕಣ್ಣಿಗೆ ತಾಗಿದರೆ ಎಂಥ ಒಳ್ಳೆಯ ದೃಷ್ಟಿಯವನಿಗೂ ಎಲ್ಲ ಮಸುಕೇ. ಎಂದರೆ ಈ ಕಡಲಿನ ಹಳೆಯ ಯಜಮಾನರೆಲ್ಲ ನನ್ನ ಹಾಗೆಯೇ ನೋಡಿದವರು. ಅವರು ಆ ಮಸುಕಿನಲ್ಲೇ ಚಿಪ್ಪು ಹುಡುಕಿದರು, ನಾನು ಗಿಳಿಮೀನು ಹುಡುಕಿದೆ. ವಾದ ಚೆನ್ನಾಗಿಯೇ ಇತ್ತು. ಅವರ ಮೇಲೆ ಹಗ್ಗ ಹಿಡಿದು ದೋಣಿಯಲ್ಲಿ ಒಬ್ಬ ಕಣ್ಣು ಮಿಟುಕಿಸದೆ ಕಾಯುತ್ತಿದ್ದ ಎಂಬುದನ್ನು ಮಾತ್ರ ನಾನು ಆಗ ಯೋಚಿಸಿರಲಿಲ್ಲ.

ಶ್ರಾವ್ಯಳಿಗೆ ಬೇಕಿದ್ದದ್ದು ಆಮೆ. ಹದಿನಾಲ್ಕು ತಿಂಗಳಲ್ಲಿ ಅವಳು ಬೇರೆಲ್ಲವನ್ನೂ ನೋಡಿದ್ದಳು. ಆಮೆ ಮಾತ್ರ ಬೇರೆಯವರಿಗೆ ಕಾಣುತ್ತಿತ್ತು. ನಾವು ಹೋಗುವ ಹಿಂದಿನ ದಿನ ಇರುತ್ತಿತ್ತು, ಮರುದಿನ ಇರುತ್ತಿತ್ತು. ಮಾರ್ಚಿನ ಒಂದು ಶುಕ್ರವಾರ, ಅವಳು ಕ್ಯಾಮೆರಾವನ್ನು ಮನೆಯಲ್ಲೇ ಮರೆತುಬಂದ ದಿನ, ದಡದ ಎದುರಿನ ಬಂಡೆಯ ಪುಟ್ಟ ದ್ವೀಪದ ಹಿಂಬದಿಯಲ್ಲಿ, ಅವಳು ಹಠಾತ್ತನೆ ನನ್ನ ತೋಳು ಹಿಡಿದು ಕುಲುಕಿದಳು. ಅವಳ ಬಾಯಿಂದ ಗುಳ್ಳೆಗಳ ಗೊಂಚಲೇ ಹೊರಟಿತು, ನೀರಿನೊಳಗೂ ಕಿರುಚುತ್ತಿದ್ದಳು. ಅವಳು ತೋರಿಸಿದ ಕಡೆ ಹಸಿರುಗಂದು ಬಣ್ಣದ ಏನೋ ಒಂದು ಬಂಡೆಯಿಂದ ಬಿಟ್ಟುಕೊಂಡು ಮೇಲಕ್ಕೆ ತೇಲಿದಂತಾಯಿತು. ಬಂಡೆಯೇ ತೇಲಿದ್ದರೂ ನನಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಾನು ಎರಡೂ ಕೈ ಬಿಚ್ಚಿ ಎರಡು ಓಕೆ ತೋರಿಸಿದೆ.

ದೋಣಿಗೆ ಬಂದ ಮೇಲೆ ಅವಳ ಮಾತು ನಿಲ್ಲಲಿಲ್ಲ. ಅದು ಒಮಾನಿನಿಂದ ಬಂದಿರಬಹುದು, ನಿನ್ನ ಮಲ್ಪೆಯಿಂದಲೂ ಬಂದಿರಬಹುದು, ಅದಕ್ಕೆ ವೀಸಾ ಬೇಡ, ಎಂದೆಲ್ಲ ಹೇಳಿದಳು. ನಾನು ಹೂಂಗುಟ್ಟಿದೆ. ಅಷ್ಟು ಸಾಕಿತ್ತು. ಆದರೆ ದಡದಲ್ಲಿ ಆಮೆಯ ಸುದ್ದಿ ಕೇಳಿ ರೋಡೆಲ್ ಎರಡು ಹಾಳೆ ಹಿಡಿದುಕೊಂಡು ಬಂದ. ಗಾಯಗೊಂಡ ಆಮೆಗಳಿಗೆ ಮದ್ದು ಮಾಡಿ ಮತ್ತೆ ಕಡಲಿಗೆ ಬಿಡುವ ತಂಡವೊಂದಿದೆಯಂತೆ. ಬಿಟ್ಟ ಆಮೆ ಬದುಕಿದೆಯೋ ಇಲ್ಲವೋ ಎಂಬುದು ಅವರಿಗೆ ತಿಳಿಯುವುದು ಕಂಡವರು ಹೇಳಿದರೆ ಮಾತ್ರ. ಜೊತೆಗಾರರು ಇಬ್ಬರೂ ಬೇರೆ ಬೇರೆ ಕೂತು, ಮಾತಾಡಿಕೊಳ್ಳದೆ ಬರೆಯಬೇಕು. ಯಾವ ಕಡೆಯ ರೆಕ್ಕೆಗೆ ಗಾಯ? ಚಿಪ್ಪಿನ ಮೇಲೆ ಗುರುತು ಇದೆಯೇ? ಎರಡೂ ಹೊಂದಿದರೆ ಖಚಿತ ದಾಖಲೆ, ಹೊಂದದಿದ್ದರೆ ಅದನ್ನು ಪಕ್ಕಕ್ಕಿಡುತ್ತಾರೆ.

ಶ್ರಾವ್ಯ ಕೊಡೆಯ ಕೆಳಗೆ ಕೂತು, ನಾನು ಇಣುಕದಂತೆ ಮೊಣಕೈ ಅಡ್ಡ ಇಟ್ಟು ಬರೆಯತೊಡಗಿದಳು. ಎಷ್ಟೋ ವರ್ಷಗಳ ನಂತರ ನಾನು ಮತ್ತೆ ಪರೀಕ್ಷೆಯಲ್ಲಿದ್ದೆ, ಮುಂದಿನ ಬೆಂಚಿನವಳು ಹಾಳೆ ಮುಚ್ಚಿಕೊಂಡಿದ್ದಳು. ಶೆಡ್ಡಿನ ಹಿಂದೆ ಹೋಗಿ ಹಮೀದಣ್ಣನಿಗೆ ಫೋನು ಮಾಡಿದೆ.

"ಆಮೆ ನನ್ನ ಲೈನಲ್ಲ ಮಾರಾಯ್ರೆ," ಎಂದರು ಅವರು.

"ಎಡವೋ ಬಲವೋ, ಎಂತಾದ್ರೂ ಒಂದು ಹೇಳಿ ಹಮೀದಣ್ಣ."

"ಅಲ್ಲ ಮಾರಾಯ್ರೆ, ಆಮೆಯ ಹತ್ರ ಇದ್ದದ್ದು ನೀವು. ನಾನಿಲ್ಲಿ ಫ್ರೀಜರಿನೊಳಗೆ ಬಂಗುಡೆ ಲೆಕ್ಕ ಮಾಡ್ತಾ ಇದ್ದೇನೆ. ನನ್ನತ್ರ ಕೇಳಿದ್ರೆ ಹೇಗೆ?" ಎಂದು ನಗುತ್ತಾ ಫೋನಿಟ್ಟರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎಡ ಎಂದು ಬರೆಯಬಹುದಿತ್ತು. ತಪ್ಪಿದರೆ ಅವಳ ಆಮೆ ಪಕ್ಕಕ್ಕೆ ಹೋಗುತ್ತದೆ. ಅದೃಷ್ಟಕ್ಕೆ ಸರಿಹೋದರೆ ಅವಳ ಮೊದಲ ಆಮೆಗೆ ಸುಳ್ಳು ಸಾಕ್ಷಿಯವನು ನಾನಾಗುತ್ತೇನೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮಾಫಿ ಮುಶ್ಕಿಲ್ ಎನ್ನಲು ಬಾಯಿ ಬರಲಿಲ್ಲ. ಕೊಡೆಯ ಕೆಳಗೆ ಹೋಗಿ ಅವಳ ಪಕ್ಕ ಕೂತೆ.

"ಶ್ರಾವ್ಯಾ, ನಾನು ಆಮೆ ನೋಡ್ಲಿಲ್ಲ."

"ವಾಟ್ ಡು ಯು ಮೀನ್? ಯು ಸೆಡ್ ಓಕೆ. ಎರಡು ಸಲ."

"ಕನ್ನಡಕ ಇಲ್ದೆ ನಂಗೆ ದೂರದ್ದು ಕಾಣುದಿಲ್ಲ ಮಗಾ."

ಅವಳು ಪೆನ್ನು ಕೆಳಗಿಟ್ಟಳು. "ಲಯನ್‌ಫಿಶ್?" ಎಂದಳು. ಇಲ್ಲ ಎಂದೆ. "ದ ರೇ?" ಮರಳು ಅಂದುಕೊಂಡಿದ್ದೆ ಎಂದೆ. ಒಂದೊಂದೇ ಹೆಸರು ಕೇಳುತ್ತಾ ಹೋದಳು, ಒಂದೊಂದಕ್ಕೂ ಇಲ್ಲ ಎನ್ನುತ್ತಾ ಹೋದೆ. ಹದಿನಾಲ್ಕು ತಿಂಗಳು ತಿರುಗಿಸಿದ ಕತ್ತು ಈಗ ಅಡ್ಡಡ್ಡ ಆಡುತ್ತಿತ್ತು. ಬೈಯುತ್ತಾಳೆ ಎಂದುಕೊಂಡೆ. ಅವಳು ಮೆಲ್ಲಗೆ ಕೇಳಿದಳು, "ಸೋ... ಇಫ್ ಐ ವಾಸ್ ಇನ್ ಟ್ರಬಲ್, ಯು ವುಡಂಟ್ ಸೀ ಮಿ?"

ಅಷ್ಟು ದಿನ ನಾನು ಮೀನಿನ ವಿಷಯದಲ್ಲಿ ಸುಳ್ಳು ಹೇಳುತ್ತಿದ್ದೇನೆ ಎಂದೇ ತಿಳಿದಿದ್ದೆ. ಅವಳನ್ನು ಕಾಯುವವನು ಎಂದು ಸಹಿ ಮಾಡಿ ನೀರಿಗಿಳಿದದ್ದು ನೆನಪಾಗಿ ನನಗೆ ನಿಜಕ್ಕೂ ನಾಚಿಕೆಯಾಯಿತು, ಭಯವೂ ಆಯಿತು. ಅವಳು ಹಾಳೆಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ, ಜೊತೆಗಾರ ನೋಡಿಲ್ಲ, ಎಂದು ಬರೆದು ರೋಡೆಲನಿಗೆ ಕೊಟ್ಟಳು. ಅವನು ಅದನ್ನು ಓದಿ, ನನ್ನ ಕನ್ನಡಕ ನೋಡಿ, ಹಣೆ ಬಡಿದುಕೊಂಡ. "ಸರ್, ವೈ ಯು ಡಿಡ್ ನಾಟ್ ಟೆಲ್? ವಿ ಹ್ಯಾವ್ ಮೆನಿ!" ಪವರ್ ಗಾಜಿನ ಮುಖವಾಡಗಳು ಆ ಶೆಡ್ಡಿನ ಗೋಡೆಯಲ್ಲೇ ಸಾಲಾಗಿ ತೂಗುತ್ತಿದ್ದವು. ನಾನು ಪ್ರತಿ ಸಲ ಕನ್ನಡಕ ತೆಗೆದಿಡುತ್ತಿದ್ದ ಬೆಂಚಿನ ನೇರ ಮೇಲೆ. ಕನ್ನಡಕ ತೆಗೆದ ಮೇಲೆ ಅವು ನನಗೆ ಕಾಣುವುದಾದರೂ ಹೇಗೆ ಹೇಳಿ?

ಹಿಂದಿರುಗುವ ದಾರಿಯಲ್ಲಿ ಅವಳು ಅಲ್ ಕೂಜಿನಲ್ಲಿ ಕಾರಿನಿಂದಿಳಿಯಲಿಲ್ಲ. ಹಮೀದಣ್ಣ ಕಿಟಕಿಯಿಂದ ಬಂಗುಡೆಯ ಪೊಟ್ಟಣ ಕೊಡುತ್ತಾ "ಎಂತ, ಆಮೆ ಅಪ್ಪನನ್ನು ಕಚ್ಚಿತಾ?" ಎಂದರೂ ನಗಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ನನ್ನ ನೀಲಿ ಪುಸ್ತಕ ತೆಗೆದುಕೊಂಡು ಊಟದ ಮೇಜಿಗೆ ಕೂತು, ಕೆಂಪು ಪೆನ್ನಿನಿಂದ ಹದಿನೇಳು ಪುಟವನ್ನೂ ತಿದ್ದಿದಳು. ಗಿಳಿಮೀನಿಗೆ ಗೆರೆ, ಸಿಂಹಮೀನಿಗೆ ಗೆರೆ, ಹಾವುಮೀನಿಗೆ ಎರಡು ಗೆರೆ. ಒಂಬತ್ತನೇ ಪುಟದ ಹಮ್ಮೂರ್ ಒಂದು ಉಳಿಯಿತು, ಅದರ ಎರಡೂವರೆ ಕಿಲೋ ಮಾತ್ರ ಹೋಯಿತು. ಸುನೀತಾ ಇಣುಕಿ ನೋಡಿ, "ಪಾಸಾದ್ರಾ?" ಎಂದು ಕೇಳಿದಳು.

ಎರಡು ವಾರ ಬಿಟ್ಟು ಮತ್ತೆ ಹೋದೆವು. ಬರುತ್ತೀಯಾ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಗುರುವಾರ ಸಂಜೆ ಅವಳೇ "ಟುಮಾರೋ ವಿ ಗೋ, ಯಲ್ಲಾ" ಎಂದು ಚೀಲ ತುಂಬಿಸಿದಳು. ರೋಡೆಲ್ ನನ್ನ ಪವರಿನ ಮುಖವಾಡ ಕೊಟ್ಟ. ಶ್ರಾವ್ಯ ದಡದಲ್ಲಿ ನನ್ನನ್ನು ನಿಲ್ಲಿಸಿ, ದೂರ ಹೋಗಿ ಬೆರಳು ಎತ್ತಿ, ಎಷ್ಟು ಎಂದು ಕೇಳಿ ಪರೀಕ್ಷೆ ಮಾಡಿದ ಮೇಲೆಯೇ ನೀರಿಗೆ ಬಿಟ್ಟಳು.

ಏನು ಹೇಳಲಿ! ಗಿಳಿಮೀನಿಗೆ ಹಲ್ಲಿದೆ, ಅದು ಹವಳದ ಕಲ್ಲನ್ನು ಕಟಕಟ ಕಡಿಯುತ್ತದೆ. ಸಿಂಹಮೀನು ಮದುವೆಮನೆಯ ಹಿರಿಯ ಹೆಂಗಸರಂತೆ ಅಂಚಿನ ಸೆರಗೆಲ್ಲ ಹರಡಿಕೊಂಡು ಯಾರಿಗೂ ದಾರಿ ಬಿಡದೆ ನಡೆಯುತ್ತದೆ. ನಾನು ಮರಳು ಅಂದುಕೊಂಡಿದ್ದರಲ್ಲಿ ಅರ್ಧ ಮರಳು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಆಮೆ ಬರಲಿಲ್ಲ. ನಾನು ಮುಂದೆ ಹೋಗುತ್ತಿದ್ದ ಕಿತ್ತಳೆ ರೆಕ್ಕೆಗಳ ಕಡೆ ನೋಡಿದೆ. ನಾಲ್ಕು ಸಲ ಕಾಲು ಬಡಿದು ಶ್ರಾವ್ಯ ತಿರುಗಿ ನೋಡಿದಳು. ಮತ್ತೆ ನಾಲ್ಕು ಸಲ ಬಡಿದಳು, ಮತ್ತೆ ತಿರುಗಿದಳು. ಗಾಜಿನ ಹಿಂದೆ ದೊಡ್ಡದಾದ ಎರಡು ಕಣ್ಣು ಮೊದಲು ನನ್ನ ಮುಖ ನೋಡಿದವು, ಆಮೇಲೆ ನನ್ನ ಗುಳ್ಳೆಗಳನ್ನು, ಆಮೇಲೆ ಎದೆಗೆ ಕಟ್ಟಿದ ನನ್ನ ಕೈಗಳನ್ನು. ಆ ಮಸುಕು ಆಗಾಗ ವಾಲುವುದನ್ನು ನಾನು ಅವಳು ಈಜುವ ಶೈಲಿ ಎಂದುಕೊಂಡಿದ್ದೆ. ಹದಿನಾಲ್ಕು ತಿಂಗಳು ಅವಳು ಹೀಗೆಯೇ ತಿರುಗಿ ತಿರುಗಿ ನೋಡಿದ್ದಳು, ಕಾಯಬೇಕಾದವನನ್ನು ಕಾದಿದ್ದಳು. ಮುಖವಾಡದೊಳಗೆ ಹೊರಗಿನ ನೀರು ಬಂದರೆ ಹೇಗೆ ಹೊರಹಾಕಬೇಕೆಂದು ರೋಡೆಲ್ ಕಲಿಸಿದ್ದಾನೆ. ಒಳಗಿನಿಂದಲೇ ಬಂದದ್ದಕ್ಕೂ ಅದೇ ಉಪಾಯ ನಡೆಯುತ್ತದೆ. ಅವಳು ಬೆರಳು ಸೇರಿಸಿ, ಸರಿಯಿದ್ದೀಯಾ ಎಂದು ಕೇಳಿದಳು. ನಾನು ಅವಳ ಗಾಳಿಯ ಮುಳ್ಳು ನೋಡಿದೆ, ಮುಖ ನೋಡಿದೆ, ಆಮೇಲೆ ನಿಧಾನವಾಗಿ ಬೆರಳು ಸೇರಿಸಿದೆ.

ದಡದಲ್ಲಿ ಪುಸ್ತಕ ಬಿಚ್ಚಿ, ಹದಿನೆಂಟನೇ ಪುಟದಲ್ಲಿ ಕಂಡ ಜೀವಿಗಳು ಎಂಬಲ್ಲಿ ಬರೆದೆ: ಶ್ರಾವ್ಯ, ಒಂದು. ಅಂದಾಜು ನಲವತ್ತು ಕಿಲೋ.

ಅವಳು ಓದಿದಳು. "ಅಪ್ಪಾ, ದಿಸ್ ಈಸ್ ನಾಟ್ ಮರೀನ್ ಲೈಫ್," ಎಂದು ಚೀಲದಿಂದ ಕೆಂಪು ಪೆನ್ನು ತೆಗೆದಳು. ಗೆರೆ ಬಿತ್ತು ಎಂದುಕೊಂಡೆ. ಅವಳು ನಲವತ್ತನ್ನು ಮಾತ್ರ ಹೊಡೆದು, ಮೂವತ್ತೆಂಟೂವರೆ ಎಂದು ಬರೆದು, ಕೆಳಗೆ ಸಹಿ ಹಾಕಿದಳು.